ಮೇಸ್ತ್ರಿಯ ಬಲಗೈ

ಗುಜರಿ ಅಂಗಡಿಯವನು ಅದನ್ನು ಹಳೇ ಹಿತ್ತಾಳೆ ಸಾಮಾನಿನ ಜೊತೆ ತಕ್ಕಡಿಗೆ ಹಾಕಲು ಹೊರಟಿದ್ದ. ಗುಬ್ಬಿ "ತಡೀರಿ, ತಡೀರಿ" ಎಂದು ಕೈ ಅಡ್ಡ ಹಿಡಿಯದಿದ್ದರೆ ಆ ಲೆನ್ಸು ಅವತ್ತೇ ಕುಲುಮೆಯ ದಾರಿ ಹಿಡಿಯುತ್ತಿತ್ತು. ಗೇಣುದ್ದದ ಕಪ್ಪು ಲೋಹದ ಕೊಳವೆ. ಹಿಡಿಯುವ ಕಡೆಯ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಬೂಷ್ಟು. ರೀಲು ಹಾಕುತ್ತಿದ್ದ ಕಾಲದ ಜೂಮ್ ಲೆನ್ಸು ಅದು. ಒಂದು ಜೊತೆ ಚಪ್ಪಲಿಯ ಬೆಲೆಗೆ ಬಂತು. ಅವಳು ಪೇಟೆಗೆ ಹೋಗಿದ್ದದ್ದೂ ಚಪ್ಪಲಿಗೇ.

ಗುಬ್ಬಿ ಎಂದು ಅವಳನ್ನು ಮೊದಲು ಕರೆದವನು ಗಂಡ. ಮದುವೆಯಾದ ಹೊಸದರಲ್ಲಿ ಅವಳು ತಟ್ಟೆಯ ಅನ್ನವನ್ನು ಕುಕ್ಕಿ ಕುಕ್ಕಿ ತಿನ್ನುವುದನ್ನು ನೋಡಿ ಹಾಗಂದಿದ್ದ. ಅದು ಅತ್ತೆಯ ಬಾಯಿಗೆ ಹೋಯಿತು, ಬೀದಿಯ ಬಾಯಿಗೆ ಹೋಯಿತು, ಕೊನೆಗೆ ಅವಳು ಕೆಲಸ ಮಾಡುವ ಫೋಟೋ ಸ್ಟುಡಿಯೋಗೂ ಹೋಯಿತು. ಸ್ಟುಡಿಯೋದಲ್ಲಿ ಅವಳದು ಅರ್ಜಿಗೆ ಅಂಟಿಸುವ ಫೋಟೋ ತೆಗೆಯುವ ಕೆಲಸ. "ಗದ್ದ ಸ್ವಲ್ಪ ಎತ್ತಿ, ಕಣ್ಣು ಮುಚ್ಚಬೇಡಿ, ಆಯ್ತು." ಅದೇ ಸ್ಟೂಲು, ಅದೇ ಬಿಳಿ ಪರದೆ, ಹೆದರಿದ ಹಾಗೆ ನೆಟ್ಟನೆ ನೋಡುವ ಮುಖಗಳು. ತನ್ನ ಫೋಟೋ ತೆಗೆಯುತ್ತಿದ್ದಾರೆಂದು ಗೊತ್ತಿಲ್ಲದ ಒಂದು ಜೀವವನ್ನು, ಅದು ಇದ್ದ ಹಾಗೇ ತೆಗೆಯಬೇಕು ಎಂಬ ಆಸೆ ಅವಳಿಗೆ ವರ್ಷಗಳಿಂದ ಇತ್ತು.

ರಾತ್ರಿಯ ಊಟಕ್ಕೆ ಕೂತಾಗ ಅತ್ತೆ ಅದನ್ನು ನೋಡಿದರು.

"ಇದೇನೇ ಇದು, ಕುಟ್ಟಾಣಿ ಹಾಗಿದೆ?"

"ಲೆನ್ಸು ಅತ್ತೆ. ದೂರದಲ್ಲಿರೋದು ದೊಡ್ಡದಾಗಿ ಕಾಣುತ್ತೆ."

"ಮಿಕ್ಸಿ ಕೆಟ್ಟು ಕೂತಿದೆ, ಫ್ಯಾನು ಕಿರುಗುಟ್ಟುತ್ತೆ. ಕೆಟ್ಟ ಸಾಮಾನು ಸಾಲದು ಅಂತ ಗುಜರಿಯಿಂದ ಬೇರೆ ಒಂದು ತಂದ್ಲು."

"ಬಿಡಮ್ಮ," ಎಂದ ಗಂಡ. "ನಿನ್ನ ದೊಡ್ಡ ಮಗ ಏನು ಹೊಸ ಸಾಮಾನಾ? ಇಷ್ಟು ವರ್ಷ ಓಡಿಸಿಲ್ವಾ ಅವಳು?"

ಮೈದುನ ನಕ್ಕ. ಮಗಳೂ ನಕ್ಕಳು. ಅತ್ತೆ ಮೂತಿ ತಿರುಗಿಸಿದರೂ ಆಮೇಲೆ ಆ ಮಾತು ಎತ್ತಲಿಲ್ಲ.

ಗಂಡನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಹೊಡೆಯುವ ತಂಡದ ಮೇಸ್ತ್ರಿ. ಮೇಲಿನಿಂದ ಎರಡು ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ತಮ್ಮ. ಅಪ್ಪ ತೀರಿಕೊಂಡಾಗ ಮೈದುನ ಇನ್ನೂ ಚಡ್ಡಿ ಹಾಕುತ್ತಿದ್ದ. ಅವನನ್ನು ಓದಿಸಲು ನೋಡಿ, ಅದು ತಲೆಗೆ ಹತ್ತದೆ, ಕೊನೆಗೆ ತನ್ನ ಹಲಗೆಯ ಮೇಲೇ ಕೂರಿಸಿಕೊಂಡವನು ಅಣ್ಣ. "ನನ್ನ ಕಣ್ಣೆದುರೇ ಇರ್ತಾನಮ್ಮ, ಹೆದರಬೇಡ" ಎಂದು ತಾಯಿಗೆ ಮಾತು ಕೊಟ್ಟಿದ್ದ. ಆ ಮಾತಿನ ಮೇಲೇ ಮುದುಕಿ ಎರಡು ಹೊತ್ತು ಊಟ ಮಾಡುತ್ತಿದ್ದರು.

ಸ್ಟುಡಿಯೋ ಮಾಲೀಕ ಲೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿದ. ಡ್ರಾಯರು ಕೆದಕಿ, ಹಳೇ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂರಿಸುವ ಒಂದು ಬಳೆ ಹುಡುಕಿಕೊಟ್ಟ. ಯಾರೂ ಮುಟ್ಟದೆ ಮೂಲೆಯಲ್ಲಿದ್ದ ಕ್ಯಾಮೆರಾವನ್ನೂ ಕೊಟ್ಟ.

"ನೋಡು ಗುಬ್ಬಿ, ಇದರಲ್ಲಿ ತಾನಾಗಿ ಆಗೋದು ಏನೂ ಇಲ್ಲ. ಈ ಉಂಗುರ ತಿರುಗಿಸಿದ್ರೆ ಚಿತ್ರ ತಿಳಿಯಾಗುತ್ತೆ. ಅದನ್ನೇ ಹಿಂದಕ್ಕೆ ಎಳೆದ್ರೆ ಹತ್ತಿರ ಬರುತ್ತೆ. ಎರಡನ್ನೂ ಒಂದೇ ಕೈಯಲ್ಲಿ ಮಾಡಬೇಕು. ಕೈ ಅಲುಗಿತೋ, ಚಿತ್ರ ಕಲಸಿಹೋಯ್ತು."

ಮಧ್ಯಾಹ್ನ ಡಬ್ಬಿಯ ಊಟವನ್ನು ಬೇಗ ಮುಗಿಸಿ ಅವಳು ಮಹಡಿ ಹತ್ತುತ್ತಿದ್ದಳು. ಮೊದಲ ವಾರದ ಚಿತ್ರಗಳೆಲ್ಲ ಗಂಜಿ. ಹದ್ದಿಗೆ ಗುರಿಯಿಟ್ಟರೆ ಬರೀ ಆಕಾಶ, ಕಾಗೆಗೆ ಇಟ್ಟರೆ ಕಾಗೆ ಹಾರಿಹೋದ ತಂತಿ. ಕೊಳವೆಯನ್ನು ಕೆಳಗೆ ಬಾಗಿಸಿದರೆ ಅದು ತನ್ನ ಪಾಡಿಗೆ ತಾನು ಸರ್ರನೆ ಜಾರಿ ಉದ್ದವಾಗುತ್ತಿತ್ತು. ಅದಕ್ಕೆ ಮಗಳ ತಲೆಕೂದಲಿನ ರಬ್ಬರು ಸುತ್ತಿ ಬಿಗಿ ಮಾಡಿದಳು. ಸೂರ್ಯ ಎದುರಿಗಿದ್ದರೆ ಬೂಷ್ಟಿನ ದೆಸೆಯಿಂದ ಚಿತ್ರದ ತುಂಬ ಹಾಲು ಚೆಲ್ಲಿದ ಹಾಗಾಗುತ್ತಿತ್ತು. ಅದಕ್ಕೆ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲುವುದನ್ನು ಕಲಿತಳು. ನಡುಹಗಲಿನ ಝಳದಲ್ಲಿ ದೂರದ ಗೋಡೆಯೇ ನಡುಗಿದಂತೆ ಬರುತ್ತದೆ, ಸಂಜೆಯ ಓರೆ ಬಿಸಿಲೇ ಒಳ್ಳೆಯದು ಎಂದೂ ತಿಳಿಯಿತು. ಮಹಡಿಯ ಮೋಟುಗೋಡೆಯ ಮೇಲೆ ಹಳೇ ದಿಂಬು ಇಟ್ಟು, ಅದರ ಮೇಲೆ ಲೆನ್ಸು ಊರಿ, ಉಸಿರನ್ನು ಅರ್ಧ ಬಿಟ್ಟು ಗುಂಡಿ ಒತ್ತಬೇಕು. ಬೆಳಕಿನ ಕಿಂಡಿಯನ್ನು ಪೂರ್ತಿ ತೆರೆದರೆ ಎಲ್ಲ ಮಂಜು ಮಂಜು. ಸ್ವಲ್ಪ ಕಿರಿದು ಮಾಡಿದರೆ ಇದೇ ಮುದಿ ಗಾಜಿನಲ್ಲಿ ಗರಿಯ ಎಳೆ ಎಳೆಯೂ ಕಾಣುತ್ತಿತ್ತು.

ಮೊಬೈಲು ಗೋಪುರದ ಮೇಲೆ ಕೂತ ಹದ್ದು ಒಂದು ಸಂಜೆ ಕತ್ತು ತಿರುಗಿಸಿ ಅವಳತ್ತಲೇ ನೋಡಿತು. ಆ ಚಿತ್ರವನ್ನು ಅಚ್ಚು ಹಾಕಿಸಿ ಮನೆಗೆ ತಂದಳು.

ಮೈದುನ ಹಿಡಿದು ನೋಡಿದವನೇ, "ಅತ್ತಿಗೆ, ಥೇಟ್ ಅಮ್ಮ! ಬೆಳಗ್ಗೆ ನಾನು ತಡವಾಗಿ ಎದ್ರೆ ಹೀಗೇ ನೋಡೋದು" ಎಂದ.

"ಕೊಡೋ ಇಲ್ಲಿ," ಎಂದು ಅತ್ತೆ ಕಿತ್ತುಕೊಂಡರು. ಕನ್ನಡಕ ಹಾಕಿಕೊಂಡು ನೋಡಿ, "ಮೂಗು ನಂದಲ್ಲ," ಎಂದರು. ಮನೆಯೆಲ್ಲ ನಕ್ಕಿತು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಆಮೇಲೆ ಬಹಳ ದಿನ ಇಲ್ಲ.

ಸ್ಟುಡಿಯೋದ ಎದುರಿಗಿನ ಮೈದಾನದ ಆಚೆ ಒಂದು ಹೊಸ ಕಟ್ಟಡ ಎದ್ದಿತ್ತು. ಅದರ ಬಣ್ಣದ ಕೆಲಸ ಮೇಸ್ತ್ರಿಯ ತಂಡಕ್ಕೇ ಬಂತು. ಗುಬ್ಬಿಗೆ ಒಂದು ಯೋಚನೆ ಹೊಳೆಯಿತು. ಇಷ್ಟು ವರ್ಷ ದುಡಿದರೂ ಗಂಡ ಕೆಲಸ ಮಾಡುವ ಒಂದು ಫೋಟೋ ಮನೆಯಲ್ಲಿಲ್ಲ. ಅವನಿಗೆ ಹೇಳದೆ ತೆಗೆದು, ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು.

ಸಂಜೆಯ ಬಿಸಿಲು ಆ ಗೋಡೆಯ ಮೇಲೆ ಬಿದ್ದಿದ್ದಾಗ ದಿಂಬು ಊರಿ ಕೂತಳು. ಉಂಗುರವನ್ನು ಎಳೆದಳು, ಕೂದಲೆಳೆಯಷ್ಟು ತಿರುಗಿಸಿದಳು. ಹಲಗೆ, ಬಣ್ಣದ ಡಬ್ಬ, ಇಬ್ಬರ ಬೆನ್ನು ತಿಳಿಯಾಗಿ ಮೂಡಿದವು. ಎಷ್ಟೋ ಚಿತ್ರ ತೆಗೆದಳು. ಅವನು ಮೇಲೆ ಕೂತ ಭಂಗಿ ನೋಡಿ ಅವಳಿಗೆ ಹೆಮ್ಮೆಯಾಯಿತು.

ಮರುದಿನ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಯಾವುದು ಚೆನ್ನಾಗಿದೆ ಎಂದು ಆರಿಸುತ್ತ ಕೂತಳು. ರೋಲರು ಅವನ ಎಡಗೈಯಲ್ಲಿತ್ತು. ಅವನು ಎಡಚನಲ್ಲ. ಇನ್ನೊಂದು ಚಿತ್ರ ನೋಡಿದಳು, ಅದರಲ್ಲೂ ಎಡಗೈ. ಬಲಗೈಯ ಮಣಿಕಟ್ಟಿಗೆ ಹಗ್ಗ ಎರಡು ಸುತ್ತು ಸುತ್ತಿಕೊಂಡಿತ್ತು. ಬೆರಳುಗಳು ಹಗ್ಗವನ್ನು ಹಿಡಿದಿರಲಿಲ್ಲ, ಒಣಗಿದ ಎಲೆಯ ಹಾಗೆ ಮುರುಟಿ ಸುಮ್ಮನೆ ನೇತಾಡುತ್ತಿದ್ದವು. ಮುಂದಿನದರಲ್ಲಿ ಮೈದುನ ಹಲಗೆಯ ಮೇಲೆ ಅಣ್ಣನ ಕಡೆ ಬಾಗಿ, ಬೀಳದ ಹಾಗೆ ಕಟ್ಟುವ ಅವನ ಸೊಂಟದ ಪಟ್ಟಿಯ ಕೊಂಡಿ ಹಾಕುತ್ತಿದ್ದ. ಮಗುವಿಗೆ ಚಪ್ಪಲಿ ಹಾಕುವವರ ಹಾಗೆ.

ಅವತ್ತೊಂದು ದಿನ ಕೈ ಉಳುಕಿರಬೇಕು ಎಂದುಕೊಂಡಳು. ಆದರೂ ಆ ವಾರವೆಲ್ಲ ಸಂಜೆ ಮಹಡಿ ಹತ್ತಿದಳು. ಈಗ ಹದ್ದು ಬೇಡವಾಗಿತ್ತು, ಹೆಮ್ಮೆಯೂ ಉಳಿದಿರಲಿಲ್ಲ. ಒಂದು ಸಲ ಅವನು ಬಲಗೈಯಲ್ಲಿ ಬ್ರಷ್ಷು ಎತ್ತಿದ್ದೂ, ಅದು ಜಾರಿದ್ದೂ, ತಮ್ಮ ಅದನ್ನು ಗಾಳಿಯಲ್ಲೇ ಹಿಡಿದದ್ದೂ ಒಂದರ ಹಿಂದೊಂದು ಮೂರು ಚಿತ್ರದಲ್ಲಿ ಬಿದ್ದವು. ಕಣ್ಣಿಗೆ ಒತ್ತಿದ ಕ್ಯಾಮೆರಾವನ್ನು ತೆಗೆದಾಗ ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಮನೆಯಲ್ಲಿ ಅವನನ್ನು ಗಮನಿಸಿದಳು. ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದ. ಯಾವಾಗಿನಿಂದ? ನೆನಪಾಗಲಿಲ್ಲ.

"ರೀ, ಕೈಗೇನಾಗಿದೆ?"

"ಸುಣ್ಣ ತಿಂದಿದೆ. ಅನ್ನ ಕಲಸಿದ್ರೆ ಉರಿಯುತ್ತೆ."

"ತೋರಿಸಿ."

"ಏನು ನೋಡ್ತೀಯ, ಹಳೇ ಕೈ," ಎಂದು ಎದ್ದು ಕೈ ತೊಳೆಯಲು ಹೋದ.

ರಜೆಯ ದಿನ ಮಧ್ಯಾಹ್ನ ಎಲ್ಲರದೂ ಊಟವಾಗಿ ತಟ್ಟೆಗಳು ಎದ್ದ ಮೇಲೆ, ಅವಳು ಚಿತ್ರಗಳನ್ನು ತಂದು ಚಾಪೆಯ ಮೇಲೆ ಹರಡಿದಳು. ಮೇಸ್ತ್ರಿ ಒಂದನ್ನು ಎತ್ತಿ ನೋಡಿದ. ಮುಖದ ಬಣ್ಣ ಇಳಿಯಿತು.

"ಎಲ್ಲಿಂದ ತೆಗೆದೆ?"

"ಸ್ಟುಡಿಯೋ ಮಹಡಿಯಿಂದ."

"ಅಂದ್ರೆ ಗಂಡ ಏನು ಮಾಡ್ತಾನೆ ಅಂತ ಕದ್ದು ನೋಡೋಕೆ ತಂದೆಯಾ ಆ ಕೊಳವೇನ?"

"ಗೋಡೆಗೆ ಹಾಕೋಣ ಅಂತ ತೆಗೆದೆ. ಇದು ಕಾಣುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ? ಮಾತು ಹಾರಿಸಬೇಡಿ. ಎಷ್ಟು ದಿನದಿಂದ ಹೀಗೆ?"

ಅವನು ಕೈಯಲ್ಲಿದ್ದ ಚಿತ್ರವನ್ನು ಬೋರಲು ಹಾಕಿದ. ಮೈದುನ ತಲೆ ತಗ್ಗಿಸಿದ್ದ.

"ನೀನು ಹೇಳೋ. ಕೊಂಡಿ ಹಾಕ್ತಾ ಇರೋನು ನೀನೇ ತಾನೇ?"

"ಅತ್ತಿಗೆ... ಅಣ್ಣ ಹೇಳಬೇಡ ಅಂದಿದ್ದ."

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಾಗಿಲ ಹತ್ತಿರ ನಿಂತಿದ್ದವಳು ಮೆಲ್ಲಗೆ, "ನನಗೂ ಹೇಳಬೇಡ ಅಂದ್ರು ಅಮ್ಮ," ಎಂದಳು. "ಜೋಮು ಹಿಡಿಯುತ್ತೆ ಅಂತ ಮುಲಾಮು ತರಿಸ್ತಾ ಇದ್ರು. ಡಾಕ್ಟರಿಗೆ ತೋರಿಸಿ ಅಂತ ಎಷ್ಟು ಸಲ ಹೇಳಿದೆ, ಕೇಳಲಿಲ್ಲ."

ಗುಬ್ಬಿ ಅತ್ತೆಯ ಕಡೆ ತಿರುಗಿದಳು. ಮುದುಕಿ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದರು.

"ನಿಮಗೂ ಗೊತ್ತಿತ್ತಾ?"

"ಅಂಗಿ ಗುಂಡಿ ಹಾಕಿಕೊಡು ಅಂತ ಬರ್ತಾನೆ, ನೀನು ನೀರು ಹಿಡಿಯೋಕೆ ಹೋದಾಗ. ಹಾಕ್ತೀನಿ. ಹೆತ್ತವಳು, ಹಾಕಬಾರದಾ?"

"ಹಾಗಾದ್ರೆ ಈ ಮನೇಲಿ ಎಲ್ಲರಿಗೂ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ. ನಾನೇನು ದಾರಿಹೋಕಳಾ?"

"ಪಕ್ಕದಲ್ಲಿ ಮಲಗೋನ ಕೈ ನೋಡೋಕೆ ದುರ್ಬೀನು ಬೇಕಾಯ್ತಲ್ಲ ನಿನಗೆ!" ಎಂದರು ಅತ್ತೆ.

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಮೇಸ್ತ್ರಿಯೇ ಮಾತಾಡಿದ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

"ಅವಳನ್ನ ಅನ್ನಬೇಡಮ್ಮ. ನಾನೇ ಮುಚ್ಚಿಟ್ಟೆ. ನಿಮಗೆಲ್ಲ ಸುಮ್ಮನಿರಿ ಅಂದ್ರೆ ಸುಮ್ಮನಿರ್ತೀರ. ಇವಳು ಇರೋಳಲ್ಲ."

"ಇರಲ್ಲ," ಎಂದಳು ಗುಬ್ಬಿ. "ನಾಳೆಯಿಂದ ಹಲಗೆ ಹತ್ತಬೇಡಿ."

"ಈ ಕಟ್ಟಡ ಮುಗಿಯಲಿ."

"ಆಮೇಲೆ ಇನ್ನೊಂದು ಬರುತ್ತೆ."

"ಅತ್ತಿಗೆ, ಕಂಟ್ರಾಕ್ಟರು ಕೆಲಸ ಕೊಡೋದು ಅಣ್ಣನ ಮುಖ ನೋಡಿ. ಅಣ್ಣ ಇಳಿದ್ರೆ ತಂಡವೇ ಚದುರಿಹೋಗುತ್ತೆ. ನಾನು ಪಕ್ಕದಲ್ಲೇ ಇರ್ತೀನಲ್ಲ, ನೋಡ್ಕೊಳ್ತೀನಿ."

"ಏನು ನೋಡ್ಕೊಳ್ತೀಯ? ಹಲಗೆ ಒಂದೇ. ಆ ಕಡೆ ಹಗ್ಗ ಇವರು ಬಿಡೋದು, ಈ ಕಡೆದು ನೀನು. ಇಳಿಸೋವಾಗ ಇವರ ಕೈ ಸೋತ್ರೆ ಹಲಗೆ ಒಂದೇ ಕಡೆ ವಾಲುತ್ತೆ. ಆಗ ಇವರ ಕೊಂಡಿ ಹಾಕೋಕೆ ಬಾಗಿದ ನಿನ್ನ ಕೊಂಡಿ ಯಾರು ನೋಡ್ತಾರೆ? ಇಲ್ಲಿ ನೋಡು." ಅವಳು ಒಂದು ಚಿತ್ರ ಎತ್ತಿ ಹಿಡಿದಳು. "ನಿನ್ನ ಪಟ್ಟಿಯ ಹಗ್ಗ ಎಲ್ಲಿದೆ? ಇದರಲ್ಲಿ ಇಲ್ಲವೇ ಇಲ್ಲ. ಬಿಚ್ಚಿಟ್ಟು ಬಾಗಿದ್ದೀಯ."

"ಕೈ ಎಟುಕಲ್ಲ ಅತ್ತಿಗೆ, ಅದಕ್ಕೆ ಒಂದು ಗಳಿಗೆ..."

ಮೇಸ್ತ್ರಿ ತಮ್ಮನ ಮುಖ ನೋಡಿದ. ಅವನಿಗೂ ಅದು ಹೊಸ ಸುದ್ದಿ. ಬೆನ್ನ ಹಿಂದೆ ತಮ್ಮ ಏನು ಬಿಚ್ಚಿ ಬಾಗುತ್ತಾನೆಂದು ಅವನು ಕಂಡವನಲ್ಲ.

ಅತ್ತೆ ಕೈ ಚಾಚಿ ಆ ಚಿತ್ರವನ್ನು ಇಸಿದುಕೊಂಡರು. ಕನ್ನಡಕ ಏರಿಸಿ ಚಿಕ್ಕ ಮಗನನ್ನು ಹುಡುಕಿದರು. ಬಹಳ ಹೊತ್ತು ನೋಡಿದರು. ಚಿತ್ರದ ಸಮೇತ ಅಡುಗೆಮನೆಗೆ ಹೋದರು. ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲುತ್ತಿದ್ದರೂ ಅವರು ಅದನ್ನು ಇಳಿಸದೆ ನಿಂತಿದ್ದನ್ನು ಮಗಳು ನೋಡಿದಳು.

ಮರುದಿನ ಬೆಳಗ್ಗೆ ಗುಬ್ಬಿ ನೀರು ಹಿಡಿಯಲು ಹೋಗಲಿಲ್ಲ. ಕೊಡ ಖಾಲಿಯೇ ಇತ್ತು. ಮೇಸ್ತ್ರಿ ಎಂದಿನಂತೆ ಸ್ನಾನ ಮುಗಿಸಿ ಕೆಲಸದ ಅಂಗಿ ಹಾಕಿಕೊಂಡು ಬಂದ. ಹೆಂಡತಿ ಇರುವುದನ್ನು ನೋಡಿಯೂ ನೋಡದವನ ಹಾಗೆ ತಾಯಿಯ ಮುಂದೆ ನಿಂತ. ಅಂಗಿಯ ಎದೆ ತೆರೆದೇ ಇತ್ತು.

ಮುದುಕಿ ಗೋಡೆಗೊರಗಿ ಕೂತಿದ್ದರು. ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಅಮ್ಮ."

"ನೀನೇ ಹಾಕ್ಕೋ."

"ಹೊತ್ತಾಗುತ್ತೆ ಅಮ್ಮ."

"ಹಾಕ್ಕೋ ಮಗನೇ. ಹಾಕ್ಕೊಂಡೆ ಅಂದ್ರೆ ಹೋಗು, ಬೇಡ ಅನ್ನಲ್ಲ. ಬಲಗೈಯಲ್ಲಿ ಹಾಕ್ಕೋಬೇಕು."

ಅವನು ಸಿಟ್ಟಿನಿಂದ ಅಂಗಿಯ ಅಂಚು ಹಿಡಿದ. ಹೆಬ್ಬೆರಳು ಗುಂಡಿಯ ಮೇಲೆ ಕೂತಿತು, ಜಾರಿತು. ಮತ್ತೆ ಹಿಡಿದ. ಗುಂಡಿ ತೂತಿನ ಬಾಯಿಯವರೆಗೆ ಬಂದು ತಪ್ಪಿತು. ಹೆಬ್ಬೆರಳ ಬುಡದಲ್ಲಿ ಮಾಂಸ ಕರಗಿ ಕುಳಿಯಾದದ್ದನ್ನು ಗುಬ್ಬಿ ಅವತ್ತು ಬರಿಗಣ್ಣಿನಲ್ಲಿ ನೋಡಿದಳು. ಅವನ ಹಣೆಯ ಮೇಲೆ ಬೆವರು ಮೂಡಿತು. ಮೈದುನ ಮುಂದೆ ಬರಲು ಹೆಜ್ಜೆ ಎತ್ತಿದ. ಮುದುಕಿ ಕಣ್ಣಲ್ಲೇ ತಡೆದರು.

ಒಂದೇ ಒಂದು ಗುಂಡಿ. ಅದು ತೂತಿಗೆ ಇಳಿಯಲಿಲ್ಲ.

"ನಿನ್ನ ಮಾತು ನಂಬಿ ಇವನನ್ನ ಕಳಿಸಿದೆ ಕಣೋ," ಎಂದರು ತಾಯಿ. "ಇಬ್ಬರನ್ನೂ ಒಂದೇ ದಿನ ಕಳ್ಕೊಳ್ಳೋ ಶಕ್ತಿ ನನಗಿಲ್ಲ."

ಮೈದುನ ಹೆಗಲ ಮೇಲಿದ್ದ ಹಗ್ಗದ ಚೀಲವನ್ನು ನೆಲಕ್ಕೆ ಇಳಿಸಿದ. ಮೇಸ್ತ್ರಿ ಆ ಚೀಲದ ಮೇಲೇ ಕುಸಿದು ಕೂತ. ಅಂಗಿ ತೆರೆದೇ ಇತ್ತು. ಗುಬ್ಬಿ ಹತ್ತಿರ ಹೋದಳು. ಅವನು ಮುಖ ಆ ಕಡೆ ತಿರುಗಿಸಿದ.

ಡಾಕ್ಟರು ಕುತ್ತಿಗೆಯ ಮೂಳೆಯ ನಡುವೆ ನರ ಸಿಕ್ಕಿಕೊಂಡಿದೆ ಎಂದರು. ಇನ್ನೂ ಮೊದಲೇ ಬಂದಿದ್ದರೆ ಒಳ್ಳೆಯದಿತ್ತು ಎಂದರು. ಆಪರೇಷನ್ ಆಯಿತು. ನೋವು ಹೋಯಿತು, ಜೋಮು ಕಮ್ಮಿಯಾಯಿತು, ಹಿಡಿತ ಮಾತ್ರ ಪೂರ್ತಿ ಮರಳಲಿಲ್ಲ. ಕೈಗೆ ಕಸರತ್ತು ಹೇಳಿಕೊಟ್ಟಿದ್ದರು. ಮಗಳು ದಿನವೂ ಎದುರಿಗೆ ಕೂತು ಮಾಡಿಸುತ್ತಿದ್ದಳು. ಹಿಟ್ಟಿನ ಉಂಡೆಯನ್ನು ಅದುಮುವುದು, ಬಟ್ಟೆಯ ಕ್ಲಿಪ್ಪು ತೆರೆಯುವುದು. ಅತ್ತೆ ಬೇರೆಯವರ ಮುಂದೆ ಸೊಸೆಯನ್ನು ಬೈಯುವುದು ನಿಲ್ಲಿಸಿದರು. ಹೊಗಳಿದ್ದೂ ಇಲ್ಲ. ಆದರೆ ಸೊಸೆ ಊಟಕ್ಕೆ ಬರುವವರೆಗೂ ತಮ್ಮ ತಟ್ಟೆ ಮುಂದಿಟ್ಟುಕೊಂಡು ಕಾಯತೊಡಗಿದರು.

ಮೇಸ್ತ್ರಿ ಮಾತ್ರ ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಬೈಗುಳವಿಲ್ಲ, ಮುನಿಸಿನ ಸದ್ದೂ ಇಲ್ಲ. ಬೇಕಾದ್ದನ್ನು ಮಗಳ ಕೈಲಿ ಕೇಳಿಸುತ್ತಿದ್ದ. "ನಿಮ್ಮಮ್ಮನಿಗೆ ಹೇಳು, ಇನ್ನೊಂದು ಲೋಟ ಚಹಾ ಬೇಕು." ಮೂರಡಿ ದೂರದಲ್ಲಿ ನಿಂತ ಗುಬ್ಬಿ, "ನಿಮ್ಮಪ್ಪನಿಗೆ ಹೇಳು, ಚಹಾ ಮುಗಿದಿದೆ," ಎನ್ನುತ್ತಿದ್ದಳು. ಅವಳು ಮಹಡಿ ಹತ್ತುವುದನ್ನೂ ಕೆಲವು ವಾರ ಬಿಟ್ಟಳು. ಮಾಲೀಕ ಒಂದು ದಿನ, "ಗಾಜಿಗೆ ಬಿಸಿಲು ಕಾಣಿಸದಿದ್ರೆ ಬೂಷ್ಟು ಇನ್ನೂ ಬೆಳೆಯುತ್ತೆ," ಎಂದು ಲೆನ್ಸನ್ನು ತಾನೇ ಕಿಟಕಿಯಲ್ಲಿಟ್ಟ. ಅದಾದ ಮೇಲೆ ಮತ್ತೆ ಹತ್ತಿದಳು. ಮೈದಾನದ ಕಡೆಗೆ ಬೆನ್ನು ಮಾಡಿ, ನೀರಿನ ಟ್ಯಾಂಕಿನ ಮೇಲೆ ಕೂರುವ ಪಾರಿವಾಳಗಳನ್ನು ತೆಗೆಯುತ್ತಿದ್ದಳು.

ತಂಡ ಚದುರಲಿಲ್ಲ. ಮೈದುನನ ಜೊತೆ ಹಲಗೆ ಹತ್ತಲು ತಂಡದ ಹಳಬನೊಬ್ಬ ಒಪ್ಪಿಕೊಂಡ. ಬಣ್ಣ ಬೆರೆಸುವುದರಲ್ಲಿ ಮೇಸ್ತ್ರಿಯನ್ನು ಮೀರಿಸುವವರಿರಲಿಲ್ಲ. ಕಂಟ್ರಾಕ್ಟರು ಅವನನ್ನು ಕೆಳಗೆ ಡಬ್ಬಗಳ ಹತ್ತಿರ ಉಳಿಸಿಕೊಂಡ. ಕೂಲಿ ಇಳಿಯಿತು. ಮನೆಯಲ್ಲಿ ಮಿಕ್ಸಿ ಇನ್ನೂ ಕೆಟ್ಟೇ ಕೂತಿತ್ತು.

ಅವನು ಕೆಲಸಕ್ಕೆ ಮರಳಿದ ಮೊದಲ ದಿನ ಮಧ್ಯಾಹ್ನದ ಡಬ್ಬಿ ಮನೆಯಲ್ಲೇ ಮರೆತು ಹೋಗಿದ್ದ. ಗುಬ್ಬಿ ಅದನ್ನು ಹಿಡಿದು ಮೈದಾನ ದಾಟಿದಳು. ಕಟ್ಟಡದ ಬುಡದಲ್ಲಿ, ತಗಡಿನ ನೆರಳಿನಲ್ಲಿ, ಮೇಸ್ತ್ರಿ ಒಂದು ಡಬ್ಬವನ್ನು ಬೋರಲು ಹಾಕಿ ಕೂತಿದ್ದ. ಎಡಗೈಯಲ್ಲಿ ಕೋಲು ಹಿಡಿದು ಬಣ್ಣ ಕದಡುತ್ತಿದ್ದ. ತಲೆ ತಗ್ಗಿಸಿಯೇ ಇದ್ದ. ಅವಳು ಡಬ್ಬಿ ಇಟ್ಟು ತಿರುಗಿದಳು.

"ಗುಬ್ಬಿ."

ಅವಳು ನಿಂತಳು.

"ಅವನು ಮೇಲಿದ್ದಾನೆ. ಪಟ್ಟಿ ಕಟ್ಟಿದ್ದಾನಾ, ನೋಡಿ ಹೇಳು."

"ಇಲ್ಲೇ ತಲೆ ಮೇಲೇ ಇದ್ದಾನೆ. ನೀವೇ ನೋಡಿ."

ಅವನು ಕದಡುವುದನ್ನು ನಿಲ್ಲಿಸಿದ. ಕೋಲಿನಿಂದ ಬಣ್ಣ ತೊಟ್ಟಿಕ್ಕುತ್ತಿತ್ತು.

"ಬೆಳಗ್ಗೆಯಿಂದ ಕತ್ತೆತ್ತಿಲ್ಲ ಕಣೇ. ಆಗ್ತಿಲ್ಲ. ಮೇಲಿದ್ದಾಗ ಒಂದು ದಿನವೂ ಹೆದರಿದವನಲ್ಲ ನಾನು. ಇಲ್ಲಿ ಕೂತ್ರೆ ಹಗ್ಗ ಕಿರ್ ಅಂದ್ರೂ ಎದೆ ಹಾರುತ್ತೆ." ಕೋಲನ್ನು ಡಬ್ಬದ ಅಂಚಿಗೆ ಒರಗಿಸಿ ಕೇಳಿದ: "ಇಷ್ಟು ವರ್ಷ ನೀವೆಲ್ಲ ಹೇಗಿದ್ರಿ?"

"ಹೀಗೇ ಇದ್ವಿ," ಎಂದಳು ಗುಬ್ಬಿ.

ಅವಳು ಅವನ ಪಕ್ಕದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

"ಕಟ್ಟಿದ್ದಾನೆ. ನೀವು ಊಟ ಮಾಡಿ. ನಾನು ನೋಡ್ತಿರ್ತೀನಿ."